ಹೊಂಡಕ್ಕೆ ಬಿಟ್ಟ ಹಲಗೆ

ಇಳಕಲ್ಲಿನ ಕುಂಬಾರ ಓಣಿಯಲ್ಲಿ ಗುರುಲಿಂಗವ್ವನ ಮಣ್ಣು ತಟ್ಟುವ ಹಲಗೆಯ ಸದ್ದು ಎದ್ದಿತೆಂದರೆ ಹಿಂದಿನ ಓಣಿಯ ನೇಕಾರರು ಮಗ್ಗದ ಮುಂದೆ ಕೂತಲ್ಲಿಂದಲೇ, "ಇವತ್ತ ದೊಡ್ಡ ಬಾನಿ ಏಳಾಕತ್ತೈತಿ" ಎಂದುಬಿಡುತ್ತಿದ್ದರು. ಬಾನಿ ಎಂದರೆ ನೀರಿನ ಹರವಿಗಿಂತ ದೊಡ್ಡದಾದ, ಅಗಲ ಬಾಯಿಯ ಮಣ್ಣಿನ ಪಾತ್ರೆ. ಸೀರೆಯ ನೂಲಿಗೆ ನೀಲಿ ಹಾಕುವವರು ಅದರಲ್ಲಿ ತಿಂಗಳುಗಟ್ಟಲೆ ಬಣ್ಣ ಕೊಳೆಹಾಕುತ್ತಾರೆ. ಬಾನಿ ಸೋರಿದರೆ ತಿಂಗಳ ಬಣ್ಣ ನೆಲದ ಪಾಲು. ಅದಕ್ಕೇ ಬಣ್ಣಗಾರರ ಮನೆಯ ಕಾಸಿಂಬಿ ಯಾರ ಬಾನಿಯನ್ನೂ ನಂಬುತ್ತಿರಲಿಲ್ಲ, ಗುರುಲಿಂಗವ್ವನದೊಂದನ್ನು ಬಿಟ್ಟು. "ನಮ್ಮ ಲಿಂಗವ್ವಕ್ಕ ತಟ್ಟಿದ್ದು ಸೋರೂದಿಲ್ಲ" ಎಂದು ಆಕೆ ಬುರ್ಖಾ ಸರಿಸಿ ನಡುಬೀದಿಯಲ್ಲಿ ನಿಂತು ಹೇಳುತ್ತಿದ್ದಳು. ಮನೆಯವರಿಗೂ ಓಣಿಯವರಿಗೂ ಗುರುಲಿಂಗವ್ವ ಬರೀ ಲಿಂಗವ್ವ.

ತಿಗರಿಯ, ಅಂದರೆ ಕುಂಬಾರನ ಚಕ್ರದ, ಮುಂದೆ ಕೂರುವುದು ಗಂಡಸರ ಹಕ್ಕು, ಹೆಂಗಸು ಅದನ್ನು ಮುಟ್ಟುವಂತಿಲ್ಲ. ಯಾವ ಮಹಾನುಭಾವ ಮಾಡಿದ ಕಟ್ಟಳೆಯೋ, ಕೇಳಬೇಡಿ, ಮೈಯುರಿಯುತ್ತದೆ. ಯಾಕೆಂದರೆ ತಿಗರಿಯಿಂದ ಇಳಿದದ್ದು ಇನ್ನೂ ಬಾನಿಯೇ ಅಲ್ಲ, ದಪ್ಪ ಗೋಡೆಯ ಮೊದ್ದು ಅದು. ಅದು ತುಸು ಆರಿದ ಮೇಲೆ ಹೆಂಗಸು ಮಣ್ಣಿನ ಸುರುಳಿ ಇಟ್ಟು ಬೆರಳಿನಿಂದ ಒತ್ತಿ ಒತ್ತಿ ಎತ್ತರಿಸಬೇಕು. ಆಮೇಲೆ ಎಡಗೈಯ ದುಂಡು ಕಲ್ಲನ್ನು ಒಳಗೆ ಆನಿಸಿ, ಬಲಗೈಯ ಹಲಗೆಯಿಂದ ಹೊರಗೆ ತಟ್ಟಬೇಕು. ತಟ್ಟಿ ತಟ್ಟಿ ಸುರುಳಿಯ ಗುರುತು ಅಳಿಸಿ ಗೋಡೆ ಒಂದಾಗಬೇಕು. ಹೆಸರು ಮಾತ್ರ ಲಿಂಗವ್ವನ ಗಂಡ ಅಮಾತೆಪ್ಪನದು. ಅವನು ಕೆಟ್ಟವನೇನಲ್ಲ, ಪಾಪ, ಹೆಂಡತಿಯ ಕೈ ತನ್ನ ಕೈಗಿಂತ ದೊಡ್ಡದೆಂದು ಅವನಿಗೂ ಗೊತ್ತಿತ್ತು. ಅದನ್ನು ಹೊರಗೆ ಹೇಳುವಷ್ಟು ಬಾಯಿ ಅವನಿಗಿರಲಿಲ್ಲ.

ಹಸಿ ಬಾನಿಗೆ ಒಂದು ಹದವಿದೆ. ಅದಕ್ಕೆ ಮುಂಚೆ ತಟ್ಟಿದರೆ ಕುಸಿಯುತ್ತದೆ, ದಾಟಿದ ಮೇಲೆ ತಟ್ಟಿದರೆ ಬಿರಿಯುತ್ತದೆ. ನಡುವಿನ ಅಷ್ಟು ಹೊತ್ತು ಮಾತ್ರ ಅದು ಕೈಯ ಮಾತು ಕೇಳುತ್ತದೆ. ಲಿಂಗವ್ವನಿಗೆ ಆ ಹೊತ್ತಿನ ಹುಚ್ಚು. ಹಲಗೆಯ ಸದ್ದು ದಪ್ಪದಿಂದ ತೆಳ್ಳಗೆ ಹೊರಳುವುದನ್ನು ಕೇಳುತ್ತ ಕೂತರೆ ಅವಳಿಗೆ ಹಸಿವೆ ನೀರಡಿಕೆ ಒಂದೂ ಗೊತ್ತಾಗುತ್ತಿರಲಿಲ್ಲ. ಎರಡು ಕೂಸುಗಳು ತೊಟ್ಟಿಲಲ್ಲೇ ಕೈಬಿಟ್ಟ ಮೇಲೆ ಮೂರನೆಯದು ಉಳಿದಿತ್ತು. ಹೆಣ್ಣು. ಬನಶಂಕರಿಗೆ ಬೇಡಿಕೊಂಡು ಹುಟ್ಟಿದ್ದಕ್ಕೆ ಬನವ್ವ ಎಂದು ಹೆಸರಿಟ್ಟರು. ಆ ಕೂಸಿನ ಸೊಂಟಕ್ಕೆ ಹಳೇ ಸೀರೆಯ ತುಂಡು ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದು ಲಿಂಗವ್ವ ಬಾನಿಯ ಮುಂದೆ ಕೂರುತ್ತಿದ್ದಳು. ಕೂಸು ಅತ್ತರೆ ಕೈತುಂಬ ಕೆಸರಿದ್ದುದರಿಂದ ಮೊಣಕೈಯಿಂದಲೇ ಎತ್ತಿ ಮೊಲೆಗೆ ಹಚ್ಚುತ್ತಿದ್ದಳು. ಬಾನಿಯೂ ಕೂಸೂ ಒಂದೇ ಹೊತ್ತಿಗೆ ಕರೆಯುತ್ತಿದ್ದವು. ತಡೆದುಕೊಳ್ಳುವುದು ಎರಡಕ್ಕೂ ಗೊತ್ತಿರಲಿಲ್ಲ.

ಓಣಿಯ ಹೆಂಗಸರಿಗೆ ಇಷ್ಟು ಸಾಲದೇ? "ಆಕಿ ಹಡದದ್ದು ಮಣ್ಣನ್ನ, ಕೂಸು ಎಲ್ಲೋ ಸಿಕ್ಕದ್ದು" ಎಂದು ನೀರಿನ ಬಾವಿಯ ಮುಂದೆ ನಗುತ್ತಿದ್ದರು. ಅವರ ನಾಲಿಗೆಗೆ ಹುಳ ಬೀಳಲಿ! ಆದರೆ ಅತ್ತೆ ತಾಯವ್ವ ನಗುತ್ತಿರಲಿಲ್ಲ. ಅವಳು ಮುದುಕಿ, ಎರಡು ಮೊಮ್ಮಕ್ಕಳನ್ನು ಮಣ್ಣಿಗಿಟ್ಟು ಬಂದವಳು. ಸೊಸೆಯ ಹಲಗೆಯ ಸದ್ದು ಕೇಳಿದಾಗಲೆಲ್ಲ ಅವಳ ಕಣ್ಣು ಕಂಬದ ಕಡೆಗೇ ಹೋಗುತ್ತಿತ್ತು.

ಹತ್ತೊಂಬತ್ತುನೂರಾ ಮೂರೋ ನಾಲ್ಕೋ ಇರಬೇಕು. ಬನವ್ವ ಆಗಷ್ಟೇ ಎದ್ದು ತಪ್ಪುಹೆಜ್ಜೆ ಇಡುತ್ತಿದ್ದಳು. ಅವತ್ತು ಬೆಳಿಗ್ಗೆಯಿಂದ ಕೂಸಿನ ಮೈ ಬಿಸಿಯಿತ್ತು. ತಾಯವ್ವ ಸಗಣಿ ಆರಿಸಲು ಹೋಗಿದ್ದಳು, ಅಮಾತೆಪ್ಪ ಕೆರೆಯ ಮಣ್ಣು ತರಲು. ಲಿಂಗವ್ವ ಹಾಲು ಕುಡಿಸಿ ಕೂಸನ್ನು ಕಂಬದ ಬುಡದಲ್ಲಿ ಮಲಗಿಸಿ ಬಂದಳು. ಕಾಸಿಂಬಿಯ ಬಾನಿ ಭುಜದವರೆಗೆ ಬಂದಿತ್ತು, ಹದವೂ ಬಂದಿತ್ತು. ಕೂಸು ಒಮ್ಮೆ ನರಳಿತು. "ತಡಿ ನನ್ನವ್ವ, ಇದೊಂದು ಸುತ್ತು ಮುಗಿಸಿ ಬರ್ತೇನಿ" ಎಂದಳು. ಒಂದು ಸುತ್ತು ಮುಗಿಯಿತು. ಇನ್ನೊಂದು ಉಳಿದಿತ್ತು, ಅದೂ ಮುಗಿಯಿತು. ಹಲಗೆಯ ಸದ್ದಿನಲ್ಲಿ ಆಮೇಲಿನ ನರಳಾಟ ಅವಳಿಗೆ ಕೇಳಲೇ ಇಲ್ಲ.

ಕೇಳಿದ್ದು ಅತ್ತೆಯ ಕೂಗು. ತಾಯವ್ವ ಬುಟ್ಟಿ ಚೆಲ್ಲಿ ಬಂದು ಕೂಸನ್ನು ಎತ್ತಿಕೊಂಡಿದ್ದಳು. ಕೂಸು ಕಟ್ಟಿಗೆಯ ಹಾಗೆ ಸೆಟೆದಿತ್ತು, ಕಣ್ಣಗುಡ್ಡೆ ಮೇಲೆ ಹೋಗಿತ್ತು, ಬಾಯಲ್ಲಿ ನೊರೆ. "ಎವ್ವಾ, ಸುಟ್ಟಿತು ನಿನ್ನ ಮಣ್ಣ! ಕಣ್ಣ ಮುಂದ ಕೂಸು ಹೋಗಾಕತ್ತೈತಲ್ಲ, ಕಿವಿ ಇಲ್ಲೇನ ನಿನಗ?" ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ನೆತ್ತಿಗೆ ತಣ್ಣೀರು ತಟ್ಟಿದರು. ಕೂಸು ಉಸಿರು ಎಳೆದುಕೊಂಡಿತು. ಆದರೆ ಜ್ವರ ಬಿಡಲಿಲ್ಲ, ಸಂಜೆಗೆ ಮತ್ತೆ ಸೆಟೆಯಿತು. ಆಗ ತಾಯವ್ವ ಅರಿಷಿಣ ಬಟ್ಟೆಯಲ್ಲಿ ದುಡ್ಡು ಕಟ್ಟಿ, ಬನಶಂಕರಿಯ ಗುಡಿಯಿರುವ ಪಡುವಣಕ್ಕೆ ಮುಖ ಮಾಡಿ ಕೂತಳು.

ಈ ಕಡೆಯ ಜನ ಹರಕೆ ಹೊತ್ತರೆ ಕಾಯಿ ಒಡೆಯುವುದಷ್ಟೇ ಅಲ್ಲ, ಇಷ್ಟದ್ದೊಂದನ್ನು ದೇವರಿಗೆ ಬಿಡುತ್ತಾರೆ. ಒಬ್ಬಳು ಬದನೆಕಾಯಿ ಬಿಡುತ್ತಾಳೆ, ಒಬ್ಬ ಎಲೆಯಡಿಕೆ. ಬಿಟ್ಟದ್ದನ್ನು ಸಾಯುವ ತನಕ ಮುಟ್ಟುವಂತಿಲ್ಲ. ಮನೆಯ ಹಿರಿಯರು ಇನ್ನೊಬ್ಬರ ಹೆಸರಿನಲ್ಲಿ ಬಿಟ್ಟರೂ ಅದು ನಡೆಯುತ್ತದೆ. ಸೊಸೆಗೆ ಇಷ್ಟವಾದದ್ದು ಯಾವುದೆಂದು ಹುಡುಕುವ ಕಷ್ಟ ತಾಯವ್ವನಿಗಿರಲಿಲ್ಲ.

"ತಾಯಿ ಬನಶಂಕರಿ, ನಿನ್ನ ಹೆಸರಿಂದ ಕೂಸೈತಿ, ಉಳಿಸಿಕೊಡು. ನನ್ನ ಸೊಸಿ ಕೈ ನಿನಗ ಬಿಟ್ಟೇನಿ. ಇನ್ನ ಆಕಿ ಹಸಿ ಮಣ್ಣ ಮುಟ್ಟೂದಿಲ್ಲ. ಮುಟ್ಟಿದರ ಕೂಸು ನಿನ್ನ ಪಾಲು."

ಲಿಂಗವ್ವ ಎದುರಿಗೇ ಇದ್ದಳು. ಆ ಹೊತ್ತಿಗೆ ದೇವಿ ಕಣ್ಣು ಕೇಳಿದ್ದರೆ ಕಣ್ಣು ಕಿತ್ತು ಕೊಡುತ್ತಿದ್ದಳು. 'ಇದೊಂದು ಸುತ್ತು' ಎಂದ ತನ್ನ ಬಾಯಿ ಅವಳನ್ನು ಒಳಗೇ ತಿನ್ನುತ್ತಿತ್ತು. ಬೆಳಗಾಗುವುದರೊಳಗೆ ಕೂಸು ಬೆವೆತು ಕಣ್ಣುಬಿಟ್ಟಿತು. ಮೂಲೆಯಲ್ಲಿದ್ದ ಬಾನಿ ಆರಿ ಬಿರಿದು ಎರಡು ಹೋಳಾಗಿತ್ತು.

ಕೂಸಿಗೆ ಮೈ ತುಂಬಿದ ಮೇಲೆ ಒಂದು ಶುಕ್ರವಾರ ಬಂಡಿ ಕಟ್ಟಿಕೊಂಡು ಬನಶಂಕರಿಯ ಚೊಳಚಗುಡ್ಡಕ್ಕೆ ಹೋದರು. ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ ನಿಂತು ಲಿಂಗವ್ವ ತನ್ನ ಹಲಗೆಯನ್ನು ನೀರಿಗೆ ಬಿಟ್ಟಳು. ತವರಿನಿಂದ ತಂದ ಹಲಗೆ ಅದು, ಅವಳ ಅವ್ವ ಬಾನಿ ತಟ್ಟಿದ್ದೂ ಅದರಿಂದಲೇ. ಕಟ್ಟಿಗೆಯದ್ದಲ್ಲವೇ, ಮುಳುಗುತ್ತದೆಯೇ? ತೇಲಿ ಮತ್ತೆ ಅವಳ ಕಾಲ ಹತ್ತಿರವೇ ಬಂತು. ಎರಡನೆಯ ಸಲ ದೂಡಿದರೂ ಬಂತು. ತಾಯವ್ವ ಬಗ್ಗಿ ಅದನ್ನು ಎತ್ತಿಕೊಂಡು, ಒಳಗೆ ಹಿಡಿಯುವ ದುಂಡು ಕಲ್ಲನ್ನೂ ಅದಕ್ಕೆ ಸೇರಿಸಿ ಸೆರಗಿನ ಅಂಚು ಹರಿದು ಕಟ್ಟಿದಳು. ಈ ಸಲ ಮುಳುಗಿತು. ಮನೆಗೆ ಬರುವ ದಾರಿಯುದ್ದಕ್ಕೂ ಲಿಂಗವ್ವ ಕೂಸನ್ನು ಎದೆಗೆ ಒತ್ತಿಕೊಂಡೇ ಇದ್ದಳು.

ಸುಟ್ಟ ಗಡಿಗೆ ಮುಟ್ಟಬಹುದಿತ್ತು, ಹಸಿ ಮಣ್ಣು ಮಾತ್ರ ಇಲ್ಲ. ಹೀಗಾಗಿ ಲಿಂಗವ್ವ ಸಗಣಿಯ ಕುಳ್ಳು ತಟ್ಟಿದಳು, ಗಡಿಗೆ ಸುಡುವ ಆವಿಗೆಗೆ ಕಟ್ಟಿಗೆ ಹೊತ್ತಳು, ಬುಟ್ಟಿಯಲ್ಲಿ ಗಡಿಗೆ ಹೊತ್ತು ಹುನಗುಂದ, ಮರೋಳ ಎಂದು ತಿರುಗಿ ಮಾರಿದಳು. ರೊಟ್ಟಿ ತಟ್ಟಲು ಕೂತರೆ ಅವಳ ಕೈ ನಿಲ್ಲುತ್ತಿರಲಿಲ್ಲ. ಹಿಟ್ಟು ಹಾಳೆಯಷ್ಟು ತೆಳ್ಳಗಾದರೂ ತಟ್ಟುತ್ತಲೇ ಇರುತ್ತಿದ್ದಳು. "ಸಾಕ ಬಿಡ, ಅದು ಬಾನಿ ಅಲ್ಲ" ಎಂದು ಅಮಾತೆಪ್ಪ ಒಮ್ಮೆ ಚೇಷ್ಟೆ ಮಾಡಿದ. ಹೆಂಡತಿಯ ಮುಖ ನೋಡಿ ಮತ್ತೆಂದೂ ಆ ಮಾತು ಆಡಲಿಲ್ಲ. ಕೂಲಿ ಹೆಂಗಸರು ಬಂದು ತಟ್ಟಿದ ಬಾನಿ ಒಂದೂ ಸೋರದೆ ಉಳಿಯಲಿಲ್ಲ. ಬಣ್ಣವೆಲ್ಲ ನೆಲಕ್ಕೆ ಇಂಗಿತೆಂದು ಕಾಸಿಂಬಿ ಬಂದು ಅತ್ತು ಹೋದಳು. "ನಿನ್ನ ದೇವರ ಹತ್ರ ನಾ ಜಗಳಾ ತಗೀಲೇನ ಅಕ್ಕಾ?" ಎಂದಳು. ಲಿಂಗವ್ವ ಆಟವಾಡುತ್ತಿದ್ದ ಮಗಳ ಕಡೆ ನೋಡಿ, "ಬ್ಯಾಡ ತಂಗಿ, ಆಕಿ ನನಗ ಕೂಸು ಕೊಟ್ಟಾಳ" ಎಂದಳು.

ಆ ಮಗಳೇ ಮಣ್ಣಿಗೆ ಬಿದ್ದಳು ನೋಡಿ! ಯಾರೂ ಕಲಿಸಲಿಲ್ಲ, ಕರೆಯಲಿಲ್ಲ. ಐದಾರು ವರ್ಷದವಳು ಅಪ್ಪನ ಮೊದ್ದು ಗಡಿಗೆಯೊಂದನ್ನು ಎಳೆದುಕೊಂಡು ಬಂದು, ಒಳಗೆ ಹಳ್ಳದ ಕಲ್ಲು ಹಿಡಿದು, ಹೊರಗೆ ಅಂಗೈಯಿಂದ ತಟ್ಟುತ್ತ ಕೂತಿದ್ದಳು. ಅಮಾತೆಪ್ಪ ನಕ್ಕು ಜಾಲಿ ಕಟ್ಟಿಗೆಯಲ್ಲಿ ಅವಳ ಕೈಗೆ ತಕ್ಕ ಪುಟ್ಟ ಹಲಗೆ ಕೆತ್ತಿಕೊಟ್ಟ. ಲಿಂಗವ್ವ ಹೊಸ್ತಿಲ ಮೇಲೆ ಕೂತು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಬಾಯಿಂದ ಕಲಿಸಿದಳು. ಕಣ್ಣು ಮುಚ್ಚಿದರೂ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು.

"ಅಲ್ಲಿ ದಪ್ಪ ಉಳದೈತಿ, ಕೇಳಸ್ಲಿಲ್ಲ? ಮತ್ತ ಬಡಿ. ಕಲ್ಲ ಎದುರಿಗಿ ಹಿಡಿ, ಎದುರಿಗಿ! ಬೂದಿ ಹಚ್ಚಿಕೋ, ಅಂಟತೈತಿ."

"ಒಮ್ಮಿ ಹಿಡಿದು ತೋರ್ಸ ಯವ್ವಾ."

"ನಾ ಹಿಡಿಯೂದಿಲ್ಲ. ಗೊತ್ತೈತಲ್ಲ ನಿನಗ."

ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳ ಮೊಣಕೈ ಹಿಡಿದು ತುಸು ಎತ್ತಿದ್ದರೆ ಸಾಕಿತ್ತು, ಆದರೆ ಆ ಮೊಣಕೈಗೂ ಕೆಸರು ಮೆತ್ತಿರುತ್ತಿತ್ತು. ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಬರುವವರೆಗೂ ಲಿಂಗವ್ವ ಸ್ವಂತ ಮಗಳನ್ನು ಮುಟ್ಟುತ್ತಿರಲಿಲ್ಲ. ಇಂಥ ತಾಯ್ತನ ಯಾವ ಶತ್ರುವಿಗೂ ಬೇಡ.

ಬನವ್ವನ ಮೊದಲ ಗಡಿಗೆಗಳು ಸೋರಿದವು. "ನಿನ್ನ ಗಡಗಿ ಅಳತಾವ ನೋಡ" ಎಂದು ಅಪ್ಪ ಕಾಡಿಸುತ್ತಿದ್ದ. ಹುಡುಗಿ ಮುಖ ಊದಿಸಿಕೊಂಡು ಗಡಿಗೆಯನ್ನು ಒಡೆದು ಮತ್ತೆ ಕೂರುತ್ತಿದ್ದಳು. ಸೋರದ ಬಾನಿ ಒಂದು ಮಾಡಬೇಕು, ಕಾಸಿಂಬಿಯ ಮನೆಯಲ್ಲಿ ಅದನ್ನು ಇಡಬೇಕು, ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಒಂಬತ್ತು ತುಂಬಿದ ವರ್ಷ ಅವಳು ಅದನ್ನು ಶುರುಮಾಡಿದಳು. ಅಪ್ಪ ಬುಡ ಮಾಡಿಕೊಟ್ಟ. ಅವಳು ದಿನಕ್ಕಿಷ್ಟು ಸುರುಳಿ ಇಟ್ಟು, ಬೆರಳಿನಿಂದ ಒತ್ತಿ, ತಟ್ಟಿ, ಬಾನಿಯನ್ನು ತನ್ನ ಎದೆಯವರೆಗೆ ತಂದಳು. ಮೇಲಿನ ಸುತ್ತುಗಳನ್ನು ಒತ್ತಿ ಕೂಡಿಸಿದ್ದಳು, ತಟ್ಟುವುದು ಉಳಿದಿತ್ತು.

"ಯವ್ವಾ, ಇದು ಸೋರೂದಿಲ್ಲಲ್ಲ?"

"ಸೋರೂದಿಲ್ಲ ಮಗಳ. ನಾ ಸೋರಗೊಡೂದಿಲ್ಲ" ಎಂದಳು ಲಿಂಗವ್ವ. ಮುಟ್ಟದ ಕೈಯವಳು ಯಾವ ಧೈರ್ಯದ ಮೇಲೆ ಆ ಮಾತು ಕೊಟ್ಟಳೋ!

ಮರುದಿನ ಬೆಳಿಗ್ಗೆ ನೇಕಾರರ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಈ ಊರಿಗೆ ಹೊಸದಲ್ಲ. ಇಲಿ ಬಿತ್ತೆಂದರೆ ಯಾರ ಅಪ್ಪಣೆಗೂ ಕಾಯದೆ ಜನ ಊರು ಬಿಡುತ್ತಾರೆ. ಮಧ್ಯಾಹ್ನದೊಳಗೆ ಓಣಿಗೆ ಓಣಿಯೇ ಹಾಸಿಗೆ ಪಾತ್ರೆ ಹೊತ್ತು ಹೊಲದ ಕಡೆ ನಡೆಯಿತು. ಜೋಳದ ದಂಟಿನ ಗುಡಿಸಲುಗಳು ಎದ್ದವು. ಎಲ್ಲವನ್ನೂ ಹೊರಬಹುದು, ಹಸಿ ಬಾನಿಯನ್ನು ಹೊರಲಾಗದು. ಎತ್ತಿದರೆ ಕುಸಿಯುತ್ತದೆ. ಬನವ್ವ ಅದಕ್ಕೆ ಒದ್ದೆ ಗೋಣಿ ಸುತ್ತಿ, ಮೇಲೆ ಬುಟ್ಟಿ ಕವುಚಿ, ಅಳುತ್ತ ಹಿಂದಿನಿಂದ ಬಂದಳು.

ಗುಡಿಸಲಿನಲ್ಲಿ ಎರಡು ದಿನ ಹುಡುಗಿ ಊಟ ಮಾಡಲಿಲ್ಲ. "ಗೋಣಿ ಆರತೈತಿ ಯವ್ವಾ. ನೀನ ಹೇಳೀದಿ, ಆರಿದರ ಬಿರೀತೈತಿ ಅಂತ. ಓಡಿ ಹೋಗಿ ನೀರ ಚಿಮುಕಿಸಿ ಬಂದಬಿಡ್ತೇನಿ."

ಲಿಂಗವ್ವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ಲೇಗಿನ ಮನೆಗೆ ಮಗಳನ್ನು ಕಳಿಸುವುದುಂಟೇ? ತಾನೇ ಹೋಗಿ ಗೋಣಿ ತೋಯಿಸಬಹುದಿತ್ತು. ಆದರೆ ಬರೀ ನೀರು ಸುರಿದರೆ ಸಾಲದು, ಗೋಣಿ ಬಿಚ್ಚಿ ಸುತ್ತಬೇಕು, ಅದಕ್ಕೆ ಹಸಿ ಮಣ್ಣು ಹತ್ತಿರುತ್ತದೆ. ಮುಟ್ಟಿದರೆ ಕೂಸು ದೇವಿಯ ಪಾಲು. ಅತ್ತೆಗೆ ಹೇಳಿದರೆ ಕಾಲು ಮುರಿಯುತ್ತಾಳೆ. ಗಂಡ ಗುಡಿಸಲಿಗೆ ದಂಟು ತರಲು ಹೋಗಿದ್ದ. ಬಾನಿ ಬಿರಿದರೆ ಬಿರಿಯಲಿ ಎನ್ನಲು ಬಾಯಿ ತೆರೆದಳು, ಮಗಳ ಮುಖ ನೋಡಿದಳು. ತನ್ನದೇ ಮುಖ ಅದು, ಕಾಸಿಂಬಿಯ ಬಾನಿ ಎರಡು ಹೋಳಾದ ದಿನದ ಮುಖ. "ನಡಿ, ನಾನೂ ಬರ್ತೇನಿ" ಎಂದಳು.

ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಲಿಂಗವ್ವ ಹೊಸ್ತಿಲಲ್ಲಿ ನಿಂತಳು, ಹುಡುಗಿ ಒಳಗೆ ಹೋದಳು. "ಜಲ್ದಿ ಮಾಡ" ಎಂದು ಎರಡು ಸಲ ಕೂಗಿದಳು. ಒಳಗೆ ನೀರು ಸುರಿಯುವ ಸದ್ದು ಕೇಳಿತು. ಬನವ್ವ ನಗುತ್ತ ಹೊರಗೆ ಬಂದಳು.

"ಬಿರದಿಲ್ಲ ಯವ್ವಾ! ಹಂಗ ಐತಿ, ಹದಾ ಬಿಟ್ಟಿಲ್ಲ. ಹಿಂದ ಒಂದು ಇಲಿ ಬಿದ್ದಿತ್ತು, ಕಾಲಿಂದ ಅತ್ಲಾಗ ಒತ್ತಿದೆ."

ಲಿಂಗವ್ವ ಅವಳನ್ನು ಬಾವಿಯ ಹತ್ತಿರ ಎಳೆದುಕೊಂಡು ಹೋಗಿ ಕೊಡಗಟ್ಟಲೆ ನೀರು ಸುರಿದಳು, ಬೂದಿ ಹಚ್ಚಿ ಕಾಲು ಕೆಂಪಾಗುವ ಹಾಗೆ ತಿಕ್ಕಿದಳು. ಏನು ತಿಕ್ಕಿದರೇನು? ಮೂರನೆಯ ದಿನಕ್ಕೆ ಹುಡುಗಿಯ ತೊಡೆಸಂದಿಯಲ್ಲಿ ಗಂಟು ಎದ್ದಿತು. ಜ್ವರದಲ್ಲಿ ಅವಳು ಕೇಳುತ್ತಿದ್ದುದು ಒಂದೇ, ಗೋಣಿ ತೋಯಿಸಿದಿರಾ ಎಂದು. "ತೋಯಿಸೇನಿ, ಮಲಕೋ" ಎನ್ನುತ್ತಿದ್ದಳು ಲಿಂಗವ್ವ. ಈಗ ಮಗಳ ಮೈಗೆ ಮಣ್ಣಿರಲಿಲ್ಲ, ಎಷ್ಟು ಬೇಕಾದರೂ ಮುಟ್ಟಬಹುದಿತ್ತು. ಮುಟ್ಟಿಕೊಂಡೇ ಕೂತಳು. ಬನವ್ವ ಅವಳ ತೊಡೆಯ ಮೇಲೇ ಹೋದಳು.

ಪ್ಲೇಗಿನ ಹೆಣಕ್ಕೆ ಹೊರುವವರು ಎಲ್ಲಿ? ಅಮಾತೆಪ್ಪನೇ ಎತ್ತಿಕೊಂಡು ಹೋಗಿ ಹೊಲದ ಬದುವಿನಲ್ಲಿ ಹೂಳಿ ಬಂದ. ಬಂದವನು ಗುಡಿಸಲಿನ ಹಿಂದೆ ತಲೆ ಹಿಡಿದು ಕೂತುಬಿಟ್ಟ. ತಾಯವ್ವ ಸೊಸೆಯ ಪಕ್ಕಕ್ಕೆ ಬಂದಳು. ಮುದುಕಿ ಕೆಟ್ಟದ್ದೆಣಿಸಿ ಆಡಿದ ಮಾತಲ್ಲ, ಸಮಾಧಾನಕ್ಕೆ ಬೇರೇನೂ ತೋಚದೆ ಆಡಿದ್ದು.

"ಹರಕಿ ತೀರಿತವ್ವಾ. ಇನ್ನ ನಿನ್ನ ಕೈ ನಿನಗ ಬಿಟ್ಟಾವ."

ಲಿಂಗವ್ವ ತಲೆ ಎತ್ತಿದಳು. ಇಷ್ಟು ವರ್ಷ ಅತ್ತೆಗೆ ಎದುರಾಡದವಳು ಆಕೆ. "ಸುಡ ನಿನ್ನ ಹರಕಿ! ಸುಡ ನಿನ್ನ ದೇವೀನ! ನನ್ನ ಕೈನೂ ಇಸಗೊಂಡಳು, ಕೂಸನ್ನೂ ಇಸಗೊಂಡಳು. ಗೋಣಿ ನಾ ತೋಯಿಸಿದ್ದರ ನನ್ನ ಕೂಸು ಬದಕತಿತ್ತು ಅತ್ತಿ! ಕೂಸು ಉಳೀಲಿ ಅಂತ ಕೈ ಕಟ್ಟಿಕೊಂಡ ಬಾಗಲದಾಗ ನಿಂತೆ ನಾ, ಬಾಗಲದಾಗ!" ತಾಯವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಲಿಂಗವ್ವ ಎದ್ದು ಊರಿನ ಕಡೆ ನಡೆದಳು. ಯಾರೂ ತಡೆಯಲಿಲ್ಲ.

ಮನೆಯೊಳಗೆ ಇಲಿಯ ನಾತ ಹೊಡೆಯುತ್ತಿತ್ತು. ಅವಳು ಬುಟ್ಟಿ ತೆಗೆದಳು, ಗೋಣಿ ಬಿಚ್ಚಿದಳು. ಹುಡುಗಿ ಗೋಣಿಯ ಮೇಲೆ ಗೋಣಿ ಸುತ್ತಿ ತೋಯಿಸಿದ್ದಳು, ಅದಕ್ಕೇ ಹದ ಇನ್ನೂ ಉಳಿದಿತ್ತು. ಇವತ್ತು ಬಿಟ್ಟರೆ ನಾಳೆ ಇಲ್ಲ. ಲಿಂಗವ್ವ ಒಳಗೆ ಬಗ್ಗಿ ನೋಡಿದಳು. ತಟ್ಟದೆ ಉಳಿದ ಸುತ್ತುಗಳ ಮೇಲೆ ಬನವ್ವನ ಬೆರಳ ಗುರುತುಗಳು ಸಾಲಾಗಿ ಕೂತಿದ್ದವು. ಹೆಬ್ಬೆರಳಿನ ತಗ್ಗು, ಅದರ ಪಕ್ಕ ಉಗುರಿನ ಗೀರು, ಮತ್ತೆ ಹೆಬ್ಬೆರಳು. ಹಾಗೇ ಬಿಟ್ಟರೆ ಬಾನಿ ಬಿರಿಯುತ್ತದೆ, ಬಿರಿಯದಿದ್ದರೂ ಸೋರುತ್ತದೆ. ಆದರೆ ಆ ಗುರುತು ಉಳಿಯುತ್ತದೆ. ತಟ್ಟಿದರೆ ಒಂದೂ ಉಳಿಯುವುದಿಲ್ಲ. ಮಗಳದೆಂದು ಹೇಳಿಕೊಳ್ಳಲು ಬೇರೆ ಏನಿತ್ತು ಅವಳ ಬಳಿ? ಬಾನಿಯ ಅಂಚಿಗೆ ಹಣೆ ಹಚ್ಚಿ ಅವಳು ಬಹಳ ಹೊತ್ತು ಅತ್ತಳು.

ಆಮೇಲೆ ಮೂಲೆಯಲ್ಲಿದ್ದ ಜಾಲಿಯ ಪುಟ್ಟ ಹಲಗೆಯನ್ನು ಎತ್ತಿಕೊಂಡಳು. ಅದರ ಹಿಡಿಗೆ ಅವಳ ಮೂರೇ ಬೆರಳು ಹಿಡಿದವು. ಹಳ್ಳದ ಕಲ್ಲಿಗೆ ಬೂದಿ ಹಚ್ಚಿ ಎಡಗೈಯನ್ನು ಒಳಗಿಟ್ಟಳು. ಕಲ್ಲನ್ನು ಆನಿಸುವ ಮುಂಚೆ ಪ್ರತಿಯೊಂದು ತಗ್ಗನ್ನೂ ಬೆರಳಿನಿಂದ ತಡವಿದಳು, "ಸೋರಗೊಡೂದಿಲ್ಲ ಮಗಳ" ಎಂದಳು, ತಟ್ಟಿದಳು. ತಡವಿದಳು, ತಟ್ಟಿದಳು. ಇಷ್ಟು ವರ್ಷ ಸುಮ್ಮನಿದ್ದ ಕೈ ಏನನ್ನೂ ಮರೆತಿರಲಿಲ್ಲ. ಖಾಲಿ ಓಣಿಯಲ್ಲಿ ಆ ಸದ್ದು ಸಂಜೆಯವರೆಗೂ ಕೇಳಿತು. ಅಮಾತೆಪ್ಪ ಹುಡುಕಿಕೊಂಡು ಬಂದು ಹೊಸ್ತಿಲಲ್ಲಿ ನಿಂತ. "ಬಾ" ಎನ್ನಲು ಬಂದವನು ಒಳಗೆ ಹೋಗಿ ಸತ್ತ ಇಲಿಯನ್ನು ಎತ್ತಿ ಹೊರಗೆ ಹಾಕಿದ.

ಅವರಿಬ್ಬರಿಗೂ ಗಂಟು ಏಳಲಿಲ್ಲ. ಏಳಬಾರದೇ ಎಂದು ಲಿಂಗವ್ವ ಕಾದಿದ್ದಳು. ರೋಗ ಇಳಿದು ಊರು ತುಂಬಿದ ಮೇಲೆ ಆವಿಗೆ ಹಚ್ಚಿದರು. ಬಾನಿ ಕೆಂಪಗೆ ಸುಟ್ಟು ಇಳಿಯಿತು. ಕುಂಬಾರರು ಬಾನಿಯನ್ನು ಕೊಡುವ ಮುಂಚೆ ಒಣ ಬೂದಿ ಹಾಸಿ, ಅದರ ಮೇಲಿಟ್ಟು, ಕಂಠದವರೆಗೆ ನೀರು ತುಂಬಿ ಒಂದು ದಿನ ಬಿಡುತ್ತಾರೆ. ಮಾರನೆಯ ಬೆಳಿಗ್ಗೆ ಕಾಸಿಂಬಿ ಬಂದಳು. ಬಾನಿಯ ಸುತ್ತ ಬಗ್ಗಿ ಬಗ್ಗಿ ನೋಡಿದಳು, ಬುಡದ ಬೂದಿಯನ್ನು ಚಿಟಿಕೆಯಲ್ಲಿ ಎತ್ತಿ ಊದಿದಳು. ಬೂದಿ ಹಾರಿಹೋಯಿತು.

"ಒಂದ ಹನಿ ಇಲ್ಲ ಅಕ್ಕಾ" ಎಂದಳು, ಕಣ್ಣು ಒರೆಸಿಕೊಳ್ಳುತ್ತ. "ಅಲ್ಲಾನ ಆಣಿ, ಒಂದ ಹನಿ ಸೋರಿಲ್ಲ."

ಲಿಂಗವ್ವ ಸೆರಗು ಸಿಕ್ಕಿಸಿ ಬಾನಿಯ ನೀರಿನೊಳಗೆ ಕೈ ಇಳಿಸಿದಳು, ಭುಜದವರೆಗೆ. ಒಳಗಿನ ಗೋಡೆಯನ್ನು ಸುತ್ತಲೂ ತಡವಿದಳು, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಎಲ್ಲೂ ಏನೂ ಸಿಗಲಿಲ್ಲ. ಬಾನಿ ನುಣ್ಣಗಿತ್ತು.